ವಾಪಸ್ ಹೇಳಿಸಿದೆ, ರೀವರ್ಕ್ ಅರ್ಧಕ್ಕಿಂತ ಕೆಳಗಿಳಿಯಿತು

ನಮ್ಮ ಪ್ಯಾಕಿಂಗ್ ವಿಭಾಗದಲ್ಲಿ ತಿಂಗಳಿಗೆ ಹೆಚ್ಚುಕಮ್ಮಿ 100 ಗಂಟೆ ಬರೀ ರೀವರ್ಕ್‌ಗೇ, ಅಂದರೆ ತಪ್ಪಾದ ಕೆಲಸ ಬಿಚ್ಚಿ ಮತ್ತೆ ಮಾಡುವುದಕ್ಕೇ, ಹೋಗುತ್ತಿತ್ತು. ಈಗ 35-40ರ ಆಸುಪಾಸಿನಲ್ಲಿದೆ. ಹೊಸ ಮೆಷಿನ್ ಬಂದಿಲ್ಲ, ಜನ ಬದಲಾಗಿಲ್ಲ. ಸೂಚನೆ ಕೊಡುವ ರೀತಿ ಮಾತ್ರ ಬದಲಾಯಿಸಿದೆ: ಕೇಳಿದವರು ತಾವು ಏನು ಮಾಡುತ್ತೇವೆ ಅನ್ನುವುದನ್ನು ನನಗೆ ವಾಪಸ್ ಹೇಳಬೇಕು. ಶುರು ಮಾಡಿದಾಗ "ಇದೇನ್ರೀ, ಮಕ್ಕಳು ಪಾಠ ಒಪ್ಪಿಸೋ ಥರ" ಎಂದು ನಕ್ಕವರೇ ಜಾಸ್ತಿ. ಅವರಲ್ಲಿ ಇಬ್ಬರು ಈಗ ತಮ್ಮ ವಿಭಾಗದಲ್ಲೂ ಇದನ್ನೇ ಮಾಡುತ್ತಿದ್ದಾರೆ. ಹೆಸರು ಮಾತ್ರ ಬೇರೆ ಇಟ್ಟುಕೊಂಡಿದ್ದಾರೆ. ಇರಲಿ ಬಿಡಿ.

ಶಿಫ್ಟ್ ನಡೆಸುವವರಿಗೆ, ಸೂಪರ್‌ವೈಸರ್‌ಗಳ ಮೂಲಕ ಕೆಲಸ ತೆಗೆಯುವವರಿಗೆ ಇದನ್ನು ಬರೆಯುತ್ತಿದ್ದೇನೆ. ಸ್ಪಷ್ಟವಾಗಿ ಮಾತಾಡಿ, ಎದುರಿನವರ ಮಾತು ಪೂರ್ತಿ ಕೇಳಿ ಅನ್ನುವುದೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ಮೊದಲು ದುಡ್ಡು ಕಳೆದ ಕಥೆ. ಕಂಪನಿ ಒಬ್ಬ ತರಬೇತುದಾರರನ್ನು ಕರೆಸಿತು. ಎರಡು ದಿನದ ಕಾರ್ಯಕ್ರಮ. ಅವರ ಫೀಸು ನನ್ನ ವಿಭಾಗದ ಅರ್ಧ ತಿಂಗಳ ಓವರ್‌ಟೈಮ್‌ಗೆ ಸಮ ಇತ್ತು, ನೆನಪಿನ ಪ್ರಕಾರ ಸ್ವಲ್ಪ ಜಾಸ್ತಿಯೇ. ಸಂವಹನದಲ್ಲಿ ಮಾತಿನ ಪಾಲು ಬರೀ 7%, ಉಳಿದ 93% ದನಿ ಮತ್ತು ಹಾವಭಾವ ಎಂದು ಅವರು ಸ್ಲೈಡ್ ತೋರಿಸಿದರು. ಈ ಅಂಕಿ ಬಂದಿದ್ದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ. ಅಲ್ಲಿ ನೋಡಿದ್ದು ಇಷ್ಟ, ಅನಿಷ್ಟದಂಥ ಭಾವನೆಗಳನ್ನು ಜನ ಹೇಗೆ ಗ್ರಹಿಸುತ್ತಾರೆ ಅನ್ನುವುದನ್ನು ಮಾತ್ರ. ಎಲ್ಲ ಮಾತಿಗೂ ಇದು ಅನ್ವಯಿಸಲ್ಲ ಎಂದು ಮೆಹ್ರಾಬಿಯನ್ ಅವರೇ ಹೇಳಿದ್ದಾರೆ. ನನ್ನ ರಾತ್ರಿ ಶಿಫ್ಟ್‌ಗೆ ಅರ್ಧ ಸೂಚನೆ ಫೋನಿನಲ್ಲೇ ಹೋಗುತ್ತದೆ. ಹಾವಭಾವ ಯಾರಿಗೆ ತೋರಿಸಲಿ? ಕಾರ್ಯಕ್ರಮ ಮುಗಿದ ಮೇಲೆ ಒಂದು ವಾರ ಎಲ್ಲರೂ ಕೈ ಆಡಿಸಿ ಚೆನ್ನಾಗಿ ಮಾತಾಡಿದರು. ರೀವರ್ಕ್ ಇದ್ದಲ್ಲೇ ಇತ್ತು.

ಆಮೇಲೆ ಆ್ಯಪ್. ಸೂಚನೆ ಹಾಕಿದರೆ ಓದಿದ್ದಾರೋ ಇಲ್ಲವೋ ಗೊತ್ತಾಗುತ್ತದೆ, "ಒಪ್ಪಿದೆ" ಅನ್ನಲು ಹೆಬ್ಬೆರಳು ಎತ್ತಿದ ಚಿಹ್ನೆ ಒತ್ತಬಹುದು, ಎಲ್ಲದಕ್ಕೂ ದಾಖಲೆ ಇರುತ್ತದೆ. ಒಂದು ವರ್ಷದ ಚಂದಾ ಮುಂಗಡ ಕಟ್ಟಿದೆವು. ಹೆಬ್ಬೆರಳುಗಳು ಬಂದವು, ಬೇಕಾದಷ್ಟು. ತಪ್ಪು ಕೆಲಸವೂ ಬಂತು. ದಾಖಲೆಯಿಂದ ಆದ ಒಂದೇ ಲಾಭ ಅಂದರೆ ತಪ್ಪಾದ ಮೇಲೆ ಜಗಳ ಆಡೋಕೆ ಎರಡೂ ಕಡೆಗೆ ಪುರಾವೆ ಸಿಕ್ಕಿತು. ಧ್ವನಿ ಸಂದೇಶವನ್ನೂ ನೋಡಿದೆವು. ಮೆಷಿನ್ ಸದ್ದಿನಲ್ಲಿ ಅದನ್ನು ಯಾರೂ ಪೂರ್ತಿ ಕೇಳುತ್ತಿರಲಿಲ್ಲ. ಕೊನೆಯ ಹತ್ತು ಸೆಕೆಂಡ್ ಕೇಳಿ ಕೆಲಸ ಶುರು ಮಾಡುತ್ತಿದ್ದರು.

ತಿರುವು ಸಿಕ್ಕಿದ್ದು ಒಂದು ವಿಮಾನ ಅಪಘಾತದ ಬಗ್ಗೆ ಓದುವಾಗ. 1977ರ ಮಾರ್ಚ್ 27, ಸ್ಪೇನ್‌ನ ಟೆನೆರಿಫ್ ದ್ವೀಪದ ಲಾಸ್ ರೋಡಿಯೋಸ್ ವಿಮಾನ ನಿಲ್ದಾಣ. ಮಂಜು ಕವಿದಿತ್ತು. ಎರಡು ಬೋಯಿಂಗ್ 747ಗಳು ರನ್‌ವೇ ಮೇಲೇ ಡಿಕ್ಕಿ ಹೊಡೆದು 583 ಜನ ಸತ್ತರು. ಅವುಗಳಲ್ಲಿ ಒಂದಾದ ಕೆಎಲ್‌ಎಂ ಕಂಪನಿಯ ವಿಮಾನದ ಸಹ ಪೈಲಟ್ ರೇಡಿಯೋದಲ್ಲಿ ಸೂಚನೆಯನ್ನು ತಿರುಗಿ ಹೇಳಿದ್ದರು. ಕೊನೆಗೆ "ನಾವೀಗ ಟೇಕಾಫ್‌ನಲ್ಲಿದ್ದೇವೆ" ಎಂಬರ್ಥದ ಮಾತು ಸೇರಿಸಿದರು. ನಿಲ್ದಾಣದ ಕಂಟ್ರೋಲ್ ಟವರ್‌ನಿಂದ "ಓಕೆ" ಎಂದು ಬಂತು. ಅದರ ಹಿಂದೆಯೇ "ಕಾಯಿರಿ, ಕರೆಯುತ್ತೇನೆ" ಎಂದೂ ಹೇಳಿದ್ದರು. ಅದೇ ಕ್ಷಣಕ್ಕೆ ಇನ್ನೊಂದು ವಿಮಾನದವರೂ, ಅಂದರೆ ಪ್ಯಾನ್ ಆ್ಯಮ್ ಕಂಪನಿಯವರೂ, ಮಾತಾಡಿದ್ದರಿಂದ ಎರಡೂ ಸೇರಿ ಬರೀ ಕಿರಿಚು ಸದ್ದಾಯಿತು. ಕೆಎಲ್‌ಎಂ ಕಾಕ್‌ಪಿಟ್‌ಗೆ ಸ್ಪಷ್ಟವಾಗಿ ಕೇಳಿಸಿದ್ದು "ಓಕೆ" ಮಾತ್ರ. ಆ ಅಪಘಾತದ ನಂತರ ರೇಡಿಯೋ ಮಾತಿನ ನಿಯಮ ಬಿಗಿಯಾಯಿತು. ಮುಖ್ಯ ಸೂಚನೆಗೆ ಸುಮ್ನೆ "ಓಕೆ" ಅಂದರೆ ಸಾಲದು, ಮುಖ್ಯ ಭಾಗವನ್ನು ತಿರುಗಿ ಹೇಳಬೇಕು.

ನಮ್ಮಲ್ಲಿ ದಿನಕ್ಕೆ ಎಷ್ಟು "ಸರಿ ಸರ್" ಓಡಾಡುತ್ತವೆ, ಲೆಕ್ಕ ಇದೆಯಾ? ನಾನು ಅವನ್ನು ಒಪ್ಪುವುದು ನಿಲ್ಲಿಸಿದೆ. ಹೇಳಿದ್ದನ್ನು ತಿರುಗಿ ಹೇಳಿ ಎಂದೆ.

ಅದೂ ಮೊದಲು ಕೆಲಸ ಮಾಡಲಿಲ್ಲ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಡೀ ವಿಧಾನ ನಿಂತಿರುವುದೇ ಅದರ ಮೇಲೆ.

ಒಂದು ಉತ್ಪನ್ನದ ಲೇಬಲ್ ಬದಲಾಗಿತ್ತು. ನಾನು ಕೊಟ್ಟ ಸೂಚನೆ: "ಹಳೇ ಲೇಬಲ್ ಮುಗಿದ ಮೇಲೆ ಹೊಸದು ಹಾಕಿ." ರಾತ್ರಿ ಸೂಪರ್‌ವೈಸರ್ ಅಕ್ಷರ ಬಿಡದೆ ವಾಪಸ್ ಹೇಳಿದರು, "ಹಳೇ ಲೇಬಲ್ ಮುಗಿದ ಮೇಲೆ ಹೊಸದು ಹಾಕ್ತೀನಿ ಸರ್." ನನ್ನ ತಲೆಯಲ್ಲಿದ್ದದ್ದು ಮೆಷಿನ್ ಮೇಲಿರುವ ರೋಲ್. ಅವರ ತಲೆಯಲ್ಲಿದ್ದದ್ದು ಸ್ಟೋರ್‌ನಲ್ಲಿರುವ ಹಳೇ ಸ್ಟಾಕ್. ಇಬ್ಬರ ಬಾಯಲ್ಲೂ ಅದೇ ಮಾತು, ಕೆಲಸ ಎರಡು. ಬೆಳಗ್ಗೆ ನೋಡಿದರೆ ಹತ್ತು, ಹನ್ನೊಂದು ಪ್ಯಾಲೆಟ್ ಹಳೇ ಲೇಬಲ್‌ನಲ್ಲಿ ಸುತ್ತಿ ನಿಂತಿವೆ. ಸುತ್ತಿದ ಪ್ಲಾಸ್ಟಿಕ್ ಫಿಲ್ಮ್ ಹರಿದು, ಪೆಟ್ಟಿಗೆ ಬಿಚ್ಚಿ, ಲೇಬಲ್ ಕಿತ್ತು ಮತ್ತೆ ಅಂಟಿಸಲು ಆರೇಳು ಜನಕ್ಕೆ ಒಂದೂವರೆ ಶಿಫ್ಟ್ ಹಿಡಿಯಿತು. ಲಾರಿ ಕಾದದ್ದಕ್ಕೆ ಬೇರೆ ದಂಡ. ಗಿಳಿಪಾಠದಿಂದ ಏನೂ ಆಗಲ್ಲ ಅನ್ನುವುದು ಆವತ್ತು ಖಾತ್ರಿಯಾಯಿತು.

ಹಾಗಾಗಿ ಮಾತು ತಿರುಗಿ ಹೇಳಿಸುವುದನ್ನು ಬಿಟ್ಟೆ. ಕೆಲಸವನ್ನು ಹೇಳಿಸಲು ಶುರು ಮಾಡಿದೆ. ಸೂಚನೆ ಕೊಟ್ಟ ಮೇಲೆ ಮೂರು ಪ್ರಶ್ನೆ: ಮೊದಲು ಏನು ಮಾಡ್ತೀರಿ? ಏನಾದರೆ ಕೆಲಸ ನಿಲ್ಲಿಸಿ ನನ್ನನ್ನು ಕರೀತೀರಿ? ಮುಗಿದಾಗ ನನಗೆ ಏನು ತೋರಿಸ್ತೀರಿ?

ಅದೇ ಲೇಬಲ್ ಸೂಚನೆಗೆ ಮೊದಲ ಪ್ರಶ್ನೆ ಕೇಳಿದ್ದರೆ ಉತ್ತರ "ಸ್ಟೋರ್‌ನಿಂದ ಉಳಿದ ಹಳೇ ರೋಲ್ ತರಿಸ್ಕೋತೀನಿ" ಎಂದು ಬರುತ್ತಿತ್ತು. ವಿಷಯ ಅಲ್ಲೇ ಇತ್ಯರ್ಥ. ಮೂರರಲ್ಲಿ ಹೆಚ್ಚು ಫಲ ಕೊಡುವುದು ಇದೇ. ಸಮಯ ಇಲ್ಲದಿದ್ದರೆ ಇದೊಂದನ್ನೇ ಕೇಳುತ್ತೇನೆ. ಎರಡನೆಯದು ಹೊಸ ಸೂಪರ್‌ವೈಸರ್‌ಗಳಿಗೆ ಬೇಕು. ಯಾವಾಗ ನಿಲ್ಲಿಸಬೇಕು ಅಂತ ಮೊದಲೇ ಅವರ ಬಾಯಲ್ಲೇ ಬಂದಿದ್ದರೆ ನಿಲ್ಲಿಸೋಕೆ ಹೆದರಲ್ಲ. ಮೂರನೆಯದು ಕೆಲವು ಸಲ ವ್ಯರ್ಥ, ಆದರೂ ಕೇಳುತ್ತೇನೆ.

"ಅರ್ಥ ಆಯ್ತಾ?" ಎಂದು ಮಾತ್ರ ಕೇಳಬೇಡಿ. ಅದಕ್ಕೆ ಇಲ್ಲ ಎನ್ನುವವರನ್ನು ನಾನಂತೂ ನೋಡಿಲ್ಲ.

ಇನ್ನೊಂದು ತೊಡಕು ಮರ್ಯಾದೆಯದು. ನಮ್ಮಲ್ಲಿ ನಿವೃತ್ತಿಗೆ ಹತ್ತಿರ ಇರುವ ಹಿರಿಯ ಸೂಪರ್‌ವೈಸರ್ ಒಬ್ಬರಿದ್ದಾರೆ. ಲೈನ್ ಬಗ್ಗೆ ನನಗಿಂತ ಜಾಸ್ತಿ ಗೊತ್ತು. ಎಲ್ಲರ ಎದುರು ಕೇಳಿದಾಗ ನೇರವಾಗಿ ಹೇಳಿದರು, "ನಂಗೇನ್ ಸಾರ್ ಪರೀಕ್ಷೆ ಮಾಡ್ತೀರಾ? ಇಪ್ಪತ್ತೈದು ವರ್ಷದಿಂದ ಇದೇ ಲೈನ್ ನೋಡ್ತಿದೀನಿ." ಉಳಿದವರು ತಲೆ ಬಗ್ಗಿಸಿ ನಕ್ಕರು. ಎರಡು ವಾರ ವಿಧಾನ ಮೂಲೆ ಸೇರಿತು.

ಆಸ್ಪತ್ರೆಗಳಲ್ಲಿ ಇಂಥದ್ದೇ ಒಂದು ಪದ್ಧತಿ ಇದೆ. ಔಷಧಿ ಹೇಗೆ ತಗೋಬೇಕು ಅನ್ನುವುದನ್ನು ರೋಗಿಯ ಬಾಯಲ್ಲೇ ಹೇಳಿಸುತ್ತಾರೆ. ಅಲ್ಲಿ ಹೊರೆ ಹೇಳಿದವರ ಮೇಲೆ ಇರುತ್ತದೆ, ನಾನು ಸರಿಯಾಗಿ ವಿವರಿಸಿದೆನಾ ನೋಡಬೇಕು ಅನ್ನುವ ಥರ. ಅದನ್ನೇ ಎತ್ತಿಕೊಂಡೆ. "ನಾನು ಅರ್ಧಂಬರ್ಧ ಹೇಳಿರಬಹುದು. ನೀವು ಮೊದಲು ಏನ್ ಮಾಡ್ತೀರಿ ಹೇಳಿ, ಬಿಟ್ಟುಹೋಗಿದ್ರೆ ಸೇರಿಸ್ತೀನಿ." ಇದರಿಂದ ಬಿಗುವು ಸ್ವಲ್ಪ ಇಳಿಯಿತು. ಪೂರ್ತಿ ಕೆಲಸ ಮಾಡಿದ್ದು ಮಾತ್ರ ಬೇರೆ. ಮೊದಲು ನಾನೇ ವಾಪಸ್ ಹೇಳಲು ಶುರು ಮಾಡಿದೆ. ಹಿರಿಯರು ಬಂದು "ಮೂರನೇ ಲೈನಿನ ಸೀಲರ್ ಬಿಸಿ ನಿಲ್ತಿಲ್ಲ" ಅಂದರೆ "ಹಾಗಾದ್ರೆ ನಾನು ಮೊದಲು ಮೇಂಟೆನೆನ್ಸ್‌ಗೆ ಫೋನ್ ಮಾಡ್ತೀನಿ, ಅವರು ಬರೋ ತನಕ ಎರಡನೇ ಲೈನಿಗೆ ಲೋಡ್ ಹಾಕ್ತೀನಿ, ಸರಿನಾ?" ಎಂದೆ. "ಎರಡನೇ ಲೈನಿಗೆ ಹಾಕ್ಬೇಡಿ ಸಾರ್, ಅದರ ಕನ್ವೇಯರ್ ಬೆಲ್ಟ್ ಸಡಿಲ ಇದೆ" ಎಂದರು. ನೋಡಿ, ಕೇಳದೆ ಇದ್ದರೆ ಈ ವಿಷಯ ಬರುತ್ತಲೇ ಇರಲಿಲ್ಲ. ಒಂದು ತಿಂಗಳು ಹೀಗೆ ನಾನೇ ಒಪ್ಪಿಸಿದೆ. ಆಮೇಲೆ ಅವರು ಕೇಳದೆಯೇ ಹೇಳಲು ಶುರು ಮಾಡಿದರು. ಅವರು ಮಾಡಿದ ಮೇಲೆ ಉಳಿದವರದ್ದು ತಕರಾರಿಲ್ಲ.

ಪ್ಲಾಂಟ್ ಹೆಡ್ ಆಕ್ಷೇಪ ಸಮಯದ್ದು. ಒಂದು ಸೂಚನೆಗೆ ಒಂದೂವರೆ, ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ, ನಿಜ. ಆರು ಸೂಪರ್‌ವೈಸರ್‌ಗಳು, ಎರಡೂ ಕಡೆಯ ಸಮಯ ಹಿಡಿದರೆ ತಿಂಗಳಿಗೆ ಸುಮಾರು 15 ಗಂಟೆ. ರೀವರ್ಕ್‌ನಲ್ಲಿ ಉಳಿತಾಯ ಆದದ್ದು 60 ಗಂಟೆಯ ಹತ್ತಿರ. ಅದೂ ಕೂಲಿ ಗಂಟೆ ಮಾತ್ರ. ಹಾಳಾದ ಫಿಲ್ಮ್, ಪೆಟ್ಟಿಗೆ, ಲಾರಿ ದಂಡ ಸೇರಿಸಿಲ್ಲ. ಲೆಕ್ಕಪತ್ರ ವಿಭಾಗದವರು "ಈ ಸಲ ಆರ್ಡರ್ ಕಡಿಮೆ ಇತ್ತು, ಅದಕ್ಕೇ ರೀವರ್ಕ್ ಕಡಿಮೆ" ಎಂದು ಕೊಕ್ಕೆ ಹಾಕಿದರು. ನ್ಯಾಯವಾದ ಕೊಕ್ಕೆಯೇ. ಲೋಡ್ ಜಾಸ್ತಿ ಇರುವ ತಿಂಗಳುಗಳು ಬರಲಿ ಎಂದು ಕಾದೆ. ಬಂದವು. ರೀವರ್ಕ್ 45 ದಾಟಲಿಲ್ಲ. ಆಮೇಲೆ ಆ ಕಡೆಯಿಂದ ಮಾತಿಲ್ಲ.

ಎಲ್ಲದಕ್ಕೂ ಇದನ್ನು ಹಚ್ಚಬೇಡಿ. ನಾವು ಮೊದಲು ಹಚ್ಚಿ ನೋಡಿದೆವು. ದಿನಾ ಮಾಡುವ ಕೆಲಸಕ್ಕೂ ಪ್ರಶ್ನೆ ಕೇಳಿದರೆ ಜನ ಬೇಸತ್ತು ಉತ್ತರ ಉರು ಹೊಡೆಯುತ್ತಾರೆ. ಈಗ ನಿಯಮ ಇಷ್ಟೇ: ನಿನ್ನೆಯಂತೆ ಇಲ್ಲದ ಕೆಲಸಕ್ಕೆ ಮಾತ್ರ. ಲೇಬಲ್ ಬದಲಾವಣೆ, ಹೊಸ ಗ್ರಾಹಕ, ಬೇರೆ ಪೆಟ್ಟಿಗೆ, ಅರ್ಧಕ್ಕೆ ನಿಂತ ಬ್ಯಾಚ್. ದಿನಕ್ಕೆ ಐದಾರು ಬಂದರೆ ಹೆಚ್ಚು.

ನಡುವೆ ಒಂದು ಆಟವನ್ನೂ ಆಡಿಸಿದೆ. 1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ ಮಾಡಿದ ಪ್ರಯೋಗ ಅದು. ಒಬ್ಬರು ಗೊತ್ತಿರುವ ಹಾಡಿನ ತಾಳವನ್ನು ಬೆರಳಿನಿಂದ ಮೇಜಿನ ಮೇಲೆ ಕುಟ್ಟಬೇಕು, ಎದುರಿನವರು ಹಾಡು ಯಾವುದು ಹೇಳಬೇಕು. ಅರ್ಧದಷ್ಟಾದರೂ ಗುರುತಿಸುತ್ತಾರೆ ಎಂದು ಕುಟ್ಟುವವರು ಅಂದಾಜಿಸಿದ್ದರು. ನಿಜದಲ್ಲಿ 120 ಹಾಡಿನಲ್ಲಿ ಗುರುತು ಸಿಕ್ಕಿದ್ದು 3. ಕುಟ್ಟುವವರ ತಲೆಯಲ್ಲಿ ಹಾಡು ಪೂರ್ತಿ ಓಡುತ್ತಿರುತ್ತದೆ, ಕೇಳುವವರಿಗೆ ಟಕ್ ಟಕ್ ಅಷ್ಟೇ. ನಮ್ಮ ಸೂಪರ್‌ವೈಸರ್‌ಗಳಲ್ಲಿ ಒಂದೇ ಒಂದು ಹಾಡು ಗೊತ್ತಾಯಿತು, ಅದೂ ಕುಟ್ಟುವವರು ತುಟಿ ಅಲ್ಲಾಡಿಸಿದ್ದಕ್ಕೆ ಎಂದು ನನಗೆ ಇನ್ನೂ ಅನುಮಾನ. ಎರಡು ದಿನದ ತರಬೇತಿ ಹೇಳಲಾಗದ್ದನ್ನು ಈ ಆಟ ಕಾಲು ಗಂಟೆಯಲ್ಲಿ ಹೇಳಿತು, ಖರ್ಚಿಲ್ಲದೆ.

ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಇರುವುದು ಇನ್ನೊಂದು. ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳಲ್ಲಿ ಇದನ್ನು ಗಮನಿಸಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡ್ ಕಾಯುತ್ತಿದ್ದರು, ಮೂರು ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತಿತ್ತು, ಚೆನ್ನಾಗಿರುತ್ತಿತ್ತು. ನಾನು ಮನಸ್ಸಿನಲ್ಲೇ ಏಳು ಎಣಿಸುತ್ತೇನೆ. ಐದರ ಹೊತ್ತಿಗೆ ನಿಜವಾದ ಮಾತು ಬರುತ್ತದೆ: "ಸರ್, ಆದ್ರೆ ಒಂದು ಸಮಸ್ಯೆ..." ಫೋನಿನಲ್ಲಿ ಇದು ನಡೆಯಲ್ಲ, ಲೈನ್ ಕಟ್ಟಾಯಿತು ಅಂದುಕೊಂಡು ಹಲೋ ಹಲೋ ಶುರು ಮಾಡುತ್ತಾರೆ.

ಶಿಫ್ಟ್ ಹಸ್ತಾಂತರಕ್ಕೂ ಇದೇ ಪ್ರಶ್ನೆಗಳು. ಹೋಗುವವರು ಹೇಳಬೇಕು, ಬರುವವರು ತಾವು ಮೊದಲು ಏನು ಮಾಡುತ್ತೇವೆ ಅನ್ನುವುದನ್ನು ಹೇಳಬೇಕು. ಇದಕ್ಕೆ ಹತ್ತು ನಿಮಿಷ ಎರಡೂ ಶಿಫ್ಟ್ ಒಟ್ಟಿಗೆ ಇರಬೇಕು, ಅಂದರೆ ಓವರ್‌ಟೈಮ್. ಮಂಜೂರಾತಿ ಪಡೆಯಲು ಇಡೀ ವಿಧಾನಕ್ಕಿಂತ ಜಾಸ್ತಿ ಓಡಾಡಿದೆ. ಕೊನೆಗೆ ಸೂಪರ್‌ವೈಸರ್‌ಗಳಿಗೆ ಮಾತ್ರ ಸಿಕ್ಕಿತು, ಆಪರೇಟರ್‌ಗಳಿಗೆ ಇಲ್ಲ. ಆಪರೇಟರ್ ಮಟ್ಟದಲ್ಲಿ ಈಗಲೂ ಮಾತು ಸೋರುತ್ತದೆ.

ಮೂರೂ ಪ್ರಶ್ನೆಗೆ ಸಲೀಸಾಗಿ ಉತ್ತರ ಕೊಟ್ಟು ಆಮೇಲೆ ತಮಗೆ ತೋಚಿದ್ದು ಮಾಡುವ ಜಾಣರು ಎಲ್ಲ ಕಡೆ ಇರುತ್ತಾರೆ. ಅವರಿಗೆ ನಾನು ನಾಲ್ಕನೇ ಪ್ರಶ್ನೆ ಒಂದನ್ನು ಇಟ್ಟುಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯಲ್ಲ, ನಮ್ಮ ಹುಡುಗರೂ ಇದನ್ನು ಓದುತ್ತಾರೆ. ಕೆಟ್ಟ ಸುದ್ದಿ ತಂದವರ ಜೊತೆ ಮೊದಲ ಒಂದು ನಿಮಿಷ ಹೇಗೆ ಮಾತಾಡಬೇಕು ಅನ್ನುವುದಕ್ಕೂ ಒಂದು ಉಪಾಯ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಖರೀದಿ ವಿಭಾಗದಲ್ಲಿ ಮಾತ್ರ ಇದು ಇನ್ನೂ ಹತ್ತಿಲ್ಲ. ಅವರು ನನ್ನ ಕೆಳಗೆ ಬರಲ್ಲ, ಪ್ರಶ್ನೆ ಕೇಳಿದರೆ "ಮೇಲ್ ಹಾಕಿ" ಅನ್ನುತ್ತಾರೆ. ಈಗ ಮೇಲ್‌ನಲ್ಲೇ ಮೊದಲ ಸಾಲಿಗೆ "ಇದನ್ನು ಓದಿ ನೀವು ಮೊದಲು ಏನು ಮಾಡ್ತೀರಿ, ಒಂದು ಸಾಲು ಬರೆಯಿರಿ" ಎಂದು ಹಾಕಿ ನೋಡುತ್ತಿದ್ದೇನೆ. ಹತ್ತರಲ್ಲಿ ಮೂರಕ್ಕೆ ಉತ್ತರ ಬರುತ್ತಿದೆ. ಬಂದ ಮೂರರಲ್ಲಿ ಒಂದರಲ್ಲಾದರೂ ಅವರು ತಪ್ಪು ಸೈಜಿನ ಪೆಟ್ಟಿಗೆಗೆ ಆರ್ಡರ್ ಹಾಕಲು ಹೊರಟಿದ್ದು ಗೊತ್ತಾಯಿತು.