ಸೋರುವುದು ನಿಂತರೆ ಸಾಕೇ?

ಬೆನ್ನುಹುರಿಗೆ ಪೆಟ್ಟು ಬಿದ್ದವರು, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಮಿದುಳು-ಬೆನ್ನುಹುರಿಯ ನರಗಳ ಕಾಯಿಲೆ ಇರುವವರು, ಹುಟ್ಟಿನಿಂದಲೇ ಬೆನ್ನುಹುರಿಯ ತೊಂದರೆ ಇರುವ ಮಕ್ಕಳು. ನನ್ನ ಹತ್ತಿರ ಬರುವವರು ಹೆಚ್ಚಾಗಿ ಇವರೇ. ಮೊದಲ ಪ್ರಶ್ನೆ, "ಮೂತ್ರ ಸೋರೋದು ಯಾವಾಗ ನಿಲ್ಲುತ್ತೆ ಡಾಕ್ಟ್ರೇ?" ನನ್ನ ಚಿಂತೆ ಕಿಡ್ನಿಯದು.

ಮೂತ್ರಕೋಶ ಹಿಂಡಿದಾಗ ಅದರ ಬಾಯಿ ಸಡಿಲಾಗಬೇಕು. ನರಗಳ ಹೊಂದಾಣಿಕೆ ತಪ್ಪಿದರೆ ಕೆಲವರಲ್ಲಿ ಎರಡೂ ಒಟ್ಟಿಗೇ ಬಿಗಿಯುತ್ತವೆ. ಒಳಗಿನ ಒತ್ತಡ 40 ಸೆಂಟಿಮೀಟರ್ ಎತ್ತರದ ನೀರಿನ ಒತ್ತಡವನ್ನು ದಾಟಿ ಹಾಗೇ ಉಳಿದರೆ ಕಿಡ್ನಿ ಹಾಳಾಗಬಹುದು. ನೋವೇ ಆಗದೆ ಆಗುವ ಹಾನಿ ಇದು, ಅದಕ್ಕೇ ನನಗೆ ಭಯ ಜಾಸ್ತಿ. ಸ್ಕ್ಯಾನ್ ಜೊತೆ ಯೂರೋಡೈನಮಿಕ್ಸ್ ಪರೀಕ್ಷೆಯನ್ನೂ ಮಾಡಿಸುವುದು ಈ ಒತ್ತಡ ತಿಳಿಯಲಿಕ್ಕೆ. ಮನೆಯಲ್ಲಿ 3 ದಿನ ಎಷ್ಟು ಕುಡಿದರು, ಎಷ್ಟು ಹೋಯಿತು, ಯಾವಾಗ ಸೋರಿತು ಅಂತ ಬರೆದಿಡಲು ಹೇಳುತ್ತೇನೆ. ಅರ್ಧ ಉತ್ತರ ಆ ಹಾಳೆಯಲ್ಲೇ ಸಿಗುತ್ತದೆ.

ಮೂತ್ರ ಪೂರ್ತಿ ಖಾಲಿಯಾಗದವರಿಗೆ ನನ್ನ ಮೊದಲ ಮದ್ದು, ಅವರೇ ಕ್ಯಾಥೆಟರ್ (ಮೂತ್ರ ಹೊರತೆಗೆಯುವ ತೆಳು ನಳಿಕೆ) ಹಾಕಿ ಖಾಲಿ ಮಾಡಿ ತೆಗೆಯುವುದು. ಸ್ಟೆರೈಲ್ ಗ್ಲೌಸ್ ಬೇಡ, ಸೋಪಿನಲ್ಲಿ ಕೈ ತೊಳೆದರೆ ಸಾಕು ಅಂತ 1972ರಲ್ಲಿ ಅಮೆರಿಕದ ಮೂತ್ರರೋಗ ವೈದ್ಯ ಜ್ಯಾಕ್ ಲ್ಯಾಪಿಡಿಸ್ ತೋರಿಸಿಕೊಟ್ಟರು. ಆದರೂ ಕ್ಯಾಥೆಟರ್ ಕಂಡ ಕೂಡಲೇ ಮುಖ ಬಾಡುತ್ತದೆ. ಹಾಗಾಗಿ ಮೊದಲು ಸುಮ್ನೆ ಕೈಗೆ ಕೊಟ್ಟುಬಿಡುತ್ತೇನೆ. ಬಗ್ಗಿಸಿ ನೋಡಲಿ, ಜೆಲ್ಲಿ ಸವರಿ ನೋಡಲಿ. ಹೆಂಗಸರಿಗೆ ಶುರುವಿನಲ್ಲಿ ಕನ್ನಡಿ ಬೇಕಾಗುತ್ತದೆ. ಆಮೇಲೆ ಬೆರಳಿಗೇ ಜಾಗ ಗೊತ್ತಾಗಿಬಿಡುತ್ತದೆ. ಗಂಡಸರಲ್ಲಿ ಮೂತ್ರಕೋಶದ ಬಾಯಿಯ ಹತ್ತಿರ ಕ್ಯಾಥೆಟರ್ ತಡೆದು ನಿಲ್ಲುವುದುಂಟು. ಅಲ್ಲಿ ತಳ್ಳಬಾರದು. ಕೈ ಅಲ್ಲೇ ಹಿಡಿದು ಉದ್ದಕ್ಕೆ ಉಸಿರು ಬಿಟ್ಟರೆ ಬಿಗಿ ತಾನೇ ಸಡಿಲಾಗುತ್ತದೆ, ಮೆಲ್ಲಗೆ ಒಳಗೆ ಜಾರುತ್ತದೆ. ಮೂತ್ರ ಬರತೊಡಗಿದ ಮೇಲೂ ಇನ್ನೊಂದು ಚೂರು ಒಳಗೆ ಹೋಗಲಿ. ದೊಡ್ಡವರು 4ರಿಂದ 6 ಗಂಟೆಗೊಮ್ಮೆ ತೆಗೆಯಬೇಕು. ಒಂದು ಸಲಕ್ಕೆ 500 ಮಿಲಿಲೀಟರ್‌ಗಿಂತ ಹೆಚ್ಚು ಬರುತ್ತಿದ್ದರೆ ನಡುವಿನ ಅಂತರ ಕಡಿಮೆ ಮಾಡುತ್ತೇವೆ.

ಸುಮ್ಮಸುಮ್ಮನೆ ಹಿಂಡುವ ಮೂತ್ರಕೋಶಕ್ಕೆ ಆಕ್ಸಿಬ್ಯುಟಿನಿನ್ ಥರದ ಮಾತ್ರೆ ಇದೆ. ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ. ವಯಸ್ಸಾದವರಿಗೆ ಮರೆವು ಹೆಚ್ಚಬಹುದು, ಅವರಿಗೆ ಬರೆಯುವಾಗ ನನಗೆ ಕೈ ಹಿಂಜರಿಯುತ್ತದೆ. ಮಾತ್ರೆ ಸಾಲದಿದ್ದರೆ ಮೂತ್ರಕೋಶದ ಗೋಡೆಗೇ ಸ್ನಾಯು ಸಡಿಲಿಸುವ ಬೊಟಾಕ್ಸ್ ಚುಚ್ಚುತ್ತೇವೆ. ಕೆಲವು ತಿಂಗಳ ಮೇಲೆ ಅದರ ಪರಿಣಾಮ ಇಳಿಯುತ್ತದೆ, ಮತ್ತೆ ಚುಚ್ಚಬೇಕು.

ಕ್ಯಾಥೆಟರ್ ಬಳಸುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಾಣುವುದು ಮಾಮೂಲಿ. ಜ್ವರವಿಲ್ಲ, ಹೊಸ ತೊಂದರೆಯಿಲ್ಲ ಅಂದರೆ ರಿಪೋರ್ಟ್ ನೋಡಿ ಆಂಟಿಬಯಾಟಿಕ್ ಕೊಡುವುದಿಲ್ಲ. ಇದಕ್ಕೆ ಮನೆಯವರು ಮುನಿಸಿಕೊಳ್ಳುತ್ತಾರೆ, ಇರಲಿ.

ಎದೆಯ ಮಟ್ಟದಲ್ಲೋ ಅದಕ್ಕಿಂತ ಮೇಲೋ ಬೆನ್ನುಹುರಿಗೆ ಪೆಟ್ಟಾದವರ ಮನೆಯವರಿಗೆ ಒಂದು ಮಾತು ಮೊದಲ ಭೇಟಿಯಲ್ಲೇ ಹೇಳಿಬಿಡುತ್ತೇನೆ. ಇದ್ದಕ್ಕಿದ್ದಂತೆ ತಲೆ ಸಿಡಿದು, ಮುಖ ಕೆಂಪಾಗಿ, ಬೆವರು ಕಿತ್ತುಬಂದರೆ ಬಿಪಿ ಏರುತ್ತಿದೆ ಅಂತ ಲೆಕ್ಕ, ಹೆಚ್ಚಾಗಿ ಮೂತ್ರಕೋಶ ತುಂಬಿರುವುದರಿಂದ. ತಕ್ಷಣ ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ. ಕ್ಯಾಥೆಟರ್ ಒಳಗಿದ್ದರೆ ಅದು ಮಡಚಿದೆಯಾ, ಕಟ್ಟಿಕೊಂಡಿದೆಯಾ ನೋಡಿ. ಇಲ್ಲದಿದ್ದರೆ ಹಾಕಿ ಮೂತ್ರ ತೆಗೆಯಿರಿ. ಆಗಲೂ ಇಳಿಯದಿದ್ದರೆ ಕಾಯಬೇಡಿ, ಆಂಬ್ಯುಲೆನ್ಸ್ ಕರೆಯಿರಿ.