ಕೊನೇ ಬೆಂಚಲ್ಲಿ ಬೇರೆ ಯೂನಿವರ್ಸಿಟಿಯ ಮೇಷ್ಟ್ರು

ಪಾಠ ಸುಧಾರಿಸಬೇಕು ಅಂದ ತಕ್ಷಣ ನಮ್ಮಲ್ಲಿ ನಡೆಯುವುದು ಎರಡು ದಿನದ ಕಾರ್ಯಾಗಾರ. ದೀಪ ಹಚ್ಚುತ್ತಾರೆ, ಪಿಪಿಟಿ ಓಡುತ್ತದೆ, ಊಟ ಚೆನ್ನಾಗಿರುತ್ತದೆ, ಸರ್ಟಿಫಿಕೇಟ್ ಫೈಲ್ ಸೇರುತ್ತದೆ. ಸೋಮವಾರ ಕ್ಲಾಸಿಗೆ ಹೋದರೆ ಅದೇ ಹಳೇ ನೋಟ್ಸು. ಇದಕ್ಕಿಂತ ಅಗ್ಗದ ದಾರಿ ಇದೆ. ಅಕ್ಕಪಕ್ಕದ ಎರಡು ವಿಶ್ವವಿದ್ಯಾಲಯಗಳ ಮೇಷ್ಟ್ರುಗಳು ಒಬ್ಬರ ಪಾಠದಲ್ಲಿ ಇನ್ನೊಬ್ಬರು ಹೋಗಿ ಕೂರುವುದು.

ಬೇರೆ ವಿಶ್ವವಿದ್ಯಾಲಯದವರೇ ಯಾಕೆ? ನಮ್ಮ ವಿಭಾಗದ ಹಿರಿಯರು ಬಂದು ಕೂತರೆ, ನಾಳೆ ನಮ್ಮ ಪ್ರಮೋಷನ್ ಫೈಲ್ ಅವರ ಮೇಜಿಗೇ ಹೋಗುತ್ತದಲ್ಲ ಅಂತ ನೆನಪಾಗಿ ನಾಲಿಗೆ ಒಣಗುತ್ತದೆ. ಹೊರಗಿನವರಿಗೆ ನಮ್ಮಿಂದ ಆಗಬೇಕಾದ್ದೇನೂ ಇಲ್ಲ.

ಮೊದಲು ಒಂದೇ ಒಂದು ಪೇಪರ್ ಆರಿಸಿ. ಎರಡೂ ಕಡೆ ಜಾಸ್ತಿ ಮಕ್ಕಳು ಫೇಲಾಗುವ ಪೇಪರ್ ಆದರೆ ಒಳ್ಳೆಯದು. ಮೊದಲ ವರ್ಷದ ಗಣಿತ ಅಂತಿಟ್ಟುಕೊಳ್ಳಿ. ಅದನ್ನು ಕಲಿಸುವವರಲ್ಲಿ ಮನಸ್ಸಿರುವ ಇಬ್ಬರು ಈ ಕಡೆಯಿಂದ, ಇಬ್ಬರು ಆ ಕಡೆಯಿಂದ ಸಾಕು. ಎಂಒಯು (ಒಪ್ಪಂದ ಪತ್ರ), ಫೋಟೋ, ಬ್ಯಾನರ್ ಎಲ್ಲ ಆಮೇಲೆ.

ಕ್ಲಾಸಲ್ಲಿ ಕೂತು ಏನು ನೋಡಬೇಕು ಅನ್ನುವುದೇ ದೊಡ್ಡ ಪ್ರಶ್ನೆ. ಇದಕ್ಕೊಂದು ಸಿದ್ಧ ಉಪಾಯ ಇದೆ, ಹೆಸರು ಕೋಪಸ್ (ಕೋಪಕ್ಕೂ ಇದಕ್ಕೂ ಸಂಬಂಧವಿಲ್ಲ). ಅಮೆರಿಕದ ಮೇಯ್ನ್ ವಿಶ್ವವಿದ್ಯಾಲಯ ಮತ್ತು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಸೇರಿ ಮಾಡಿ, 2013ರಲ್ಲಿ ಪ್ರಕಟಿಸಿದ ಹಾಳೆ ಅದು. 2 ನಿಮಿಷಕ್ಕೊಮ್ಮೆ ಟಿಕ್ ಹಾಕಬೇಕು: ಮೇಷ್ಟ್ರು ಏನು ಮಾಡುತ್ತಿದ್ದಾರೆ, ಮಕ್ಕಳು ಏನು ಮಾಡುತ್ತಿದ್ದಾರೆ. ಮಾತಾಡುತ್ತಿದ್ದಾರಾ, ಬೋರ್ಡಿನ ಮೇಲೆ ಬರೆಯುತ್ತಿದ್ದಾರಾ, ಪ್ರಶ್ನೆ ಕೇಳಿದರಾ, ಮಕ್ಕಳು ಸುಮ್ನೆ ಕೇಳುತ್ತಾ ಕೂತಿದ್ದಾರಾ ಅಥವಾ ಪಕ್ಕದವರ ಜೊತೆ ಲೆಕ್ಕ ಚರ್ಚಿಸುತ್ತಿದ್ದಾರಾ. ಪಾಠ ಚೆನ್ನಾಗಿತ್ತಾ ಅಂತ ಅದರಲ್ಲಿ ಎಲ್ಲೂ ಕೇಳುವುದಿಲ್ಲ, ಅದೇ ಅದರ ಜಾಣತನ. 50 ನಿಮಿಷದ ಕ್ಲಾಸಿನಲ್ಲಿ 25 ಸಾಲು ತುಂಬುತ್ತವೆ. ಅದರಲ್ಲಿ 23 ಸಾಲು ನಾನೊಬ್ಬನೇ ಮಾತಾಡಿದ್ದೇನೆ ಅಂತ ಕಂಡರೆ, ಬೇರೆಯವರು ಬುದ್ಧಿ ಹೇಳುವುದೇ ಬೇಡ.

ಹಾಳೆ ತುಂಬಿದ ದಿನವೇ ಕ್ಯಾಂಟೀನಿನಲ್ಲಿ ಕೂತು ಮಾತಾಡಿ. "ಚೆನ್ನಾಗಿತ್ತು ಸಾರ್" ಅಂದರೆ ಪ್ರಯೋಜನವಿಲ್ಲ. "ಆ ಪ್ರಶ್ನೆ ಕೇಳಿ ಎರಡೇ ಸೆಕೆಂಡಿಗೆ ನೀವೇ ಉತ್ತರ ಹೇಳಿಬಿಟ್ರಿ" ಅನ್ನಿ. ಹಾಳೆ ಯಾರ ಪಾಠದ್ದೋ ಅವರ ಕೈಗೇ ಹೋಗಬೇಕು. ಪ್ರಿನ್ಸಿಪಾಲರಿಗೂ ಬೇಡ, ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ಸಂಸ್ಥೆಯ ಫೈಲಿಗೂ ಬೇಡ. ಒಮ್ಮೆ ಅದು ಇನ್ಸ್‌ಪೆಕ್ಷನ್ ಆಯಿತೋ, ಮುಂದಿನ ಸಲ ನಿಮಗೆ ಕಾಣುವುದು ತಾಲೀಮು ಮಾಡಿಸಿದ ನಾಟಕ.

ಜೊತೆಗೆ ಎರಡೂ ಕಡೆಯ ಮಕ್ಕಳಿಗೆ ಒಂದೇ ಐದು ಪ್ರಶ್ನೆ ಕೊಡಿ, ಪಾಠಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ. ಅಂಕ ಇಂಟರ್ನಲ್ಸ್‌ಗೆ ಸೇರಿಸಬೇಡಿ. ಎರಡೂ ಕಡೆ ಒಂದೇ ಪ್ರಶ್ನೆಯಲ್ಲಿ ಮಕ್ಕಳು ಎಡವಿದರೆ, ಆ ಪಾಠವನ್ನು ನಾಲ್ವರೂ ಸೇರಿ ಹೊಸದಾಗಿ ಕಟ್ಟಬಹುದು.

ಎರಡು ಸೆಮಿಸ್ಟರ್ ಹೀಗೆ ನಡೆದ ಮೇಲೆ ಆಡಳಿತದ ಬಾಗಿಲು ತಟ್ಟಿ. ಯಾಕೆಂದರೆ ಪ್ರಮೋಷನ್ನಿಗೆ ಬರೀ ಸಂಶೋಧನಾ ಪೇಪರ್ ಪ್ರಕಟಣೆ ಎಣಿಸುವ ಕಡೆ ಪಾಠದ ಉತ್ಸಾಹ ಬಹಳ ದಿನ ಉಳಿಯುವುದಿಲ್ಲ. ಅಮೆರಿಕದ ಕಾನ್ಸಸ್, ಕೊಲರಾಡೊ ಬೌಲ್ಡರ್ ಮತ್ತು ಮೆಸಾಚುಸೆಟ್ಸ್ ಆಮ್‌ಹರ್ಸ್ಟ್ ವಿಶ್ವವಿದ್ಯಾಲಯಗಳು 'ಟೀವ್ಯಾಲ್' ಹೆಸರಿನಲ್ಲಿ ಕೈಜೋಡಿಸಿದ್ದು ಇದೇ ಗಂಟು ಬಿಡಿಸಲು. ಅಲ್ಲಿ ಬರೀ ಮಕ್ಕಳ ಫೀಡ್‌ಬ್ಯಾಕ್ ಫಾರಂ ನಂಬದೆ, ಮಕ್ಕಳು, ಸಹೋದ್ಯೋಗಿಗಳು, ಸ್ವತಃ ಮೇಷ್ಟ್ರು ಮೂವರ ಮಾತನ್ನೂ ಸೇರಿಸಿ ಪಾಠವನ್ನು ತೂಗುತ್ತಾರೆ. ಹೀಗೆ ತೂಗಲು ಮೇಷ್ಟ್ರು ತಮ್ಮ ಪಾಠದ ಬಗ್ಗೆ ತಾವಾಗಿ ಕೊಡುವ ಬರಹ ಬೇರೆ, ಅವರ ಕೈಯಲ್ಲೇ ಉಳಿಯಬೇಕಾದ ಆ ಟಿಕ್ ಹಾಳೆ ಬೇರೆ. ಎರಡನ್ನೂ ಕಲಸಬೇಡಿ.

ಆಡಳಿತದಿಂದ ಕೇಳಬೇಕಾದ್ದು ದೊಡ್ಡ ಹಣವಲ್ಲ, ಓಓಡಿ (ಬೇರೆ ಕಡೆ ಹೋದ ದಿನವನ್ನೂ ಕೆಲಸದ ದಿನ ಅಂತ ಎಣಿಸುವ ಅನುಮತಿ) ಮತ್ತು ಬಸ್ ಚಾರ್ಜು ಅಷ್ಟೇ. ಹಾಂ, ಅತಿಥಿ ಉಪನ್ಯಾಸಕರನ್ನು ಮರೆಯಬೇಡಿ. ಎಷ್ಟೋ ಕಡೆ ಮೊದಲ ವರ್ಷದ ಪಾಠ ಅವರ ಮೇಲೇ ನಿಂತಿದೆ. ಕ್ಲಾಸು ತೆಗೆದುಕೊಂಡ ಗಂಟೆಗೆ ಮಾತ್ರ ದುಡ್ಡು ಸಿಗುವ ಕಡೆ, ಅವರು ಇನ್ನೊಬ್ಬರ ಕ್ಲಾಸಲ್ಲಿ ಕೂತ ಗಂಟೆಯನ್ನೂ ಅದೇ ಲೆಕ್ಕಕ್ಕೆ ಬರೆಸಿ.