ಜಾಲಿ ಕಡಿದೆವು, ಬುಡ ಬಿಟ್ಟೆವು

ನಮ್ಮೂರ ಕೆರೆ ಏರಿ ಸೋರಿದ್ದಕ್ಕೆ ಅರ್ಧ ಕಾರಣ ನಾನು. ಊರಲ್ಲಿ ಇದನ್ನು ಯಾರೂ ನನ್ನ ಮುಖಕ್ಕೆ ಹೇಳಿಲ್ಲ. ಅದಕ್ಕೇ ನಾನೇ ಹೇಳುತ್ತಿದ್ದೇನೆ.

ಹಿರಿಯೂರು ಸೀಮೆಯ ಸಣ್ಣ ಕೆರೆ ನಮ್ಮದು. ಏರಿ 400 ಮೀಟರಿನಷ್ಟು ಉದ್ದ, ಹಳ್ಳ ಹಾಯುವ ಕಡೆ 20 ಅಡಿ ಎತ್ತರ. ಗದ್ದೆಗೆ ನೀರು ಬಿಡಲು ಎರಡು ತೂಬು, ಹೆಚ್ಚಾದ ನೀರು ಹೊರಹೋಗಲು ಬಡಗಣ ತುದಿಗೆ ಕಲ್ಲಿನ ಕೋಡಿ, ಕೆರೆ ನೀರುಣ್ಣುವ 90 ಎಕರೆ ಅಚ್ಚುಕಟ್ಟು. ಅಚ್ಚುಕಟ್ಟು 40 ಹೆಕ್ಟೇರಿನ ಒಳಗಿರುವುದರಿಂದ ಕೆರೆ ಪಂಚಾಯತ್ ಲೆಕ್ಕಕ್ಕೆ ಬರುತ್ತದೆ. ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ. 2021ರಲ್ಲಿ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂದಾಗ ನಮಗೂ ಏನಾದರೂ ಆದೀತು ಅಂದುಕೊಂಡಿದ್ದೆ. ಓದಿ ನೋಡಿದರೆ ಅದು 15 ಮೀಟರಿಗಿಂತ ಎತ್ತರದವಕ್ಕೆ, ಇನ್ನು 10ರಿಂದ 15 ಮೀಟರಿನವುಗಳಲ್ಲಿ ಕೆಲವಕ್ಕೆ. ನಮ್ಮ 20 ಅಡಿ ಏರಿ ಅದರ ಕಣ್ಣಿಗೇ ಬೀಳುವುದಿಲ್ಲ. ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಅನ್ನುತ್ತಾರಲ್ಲ, ಅವುಗಳಲ್ಲಿ ಬಹುಪಾಲಿನ ಪಾಡು ಇದೇ.

2018ರ ಬೇಸಿಗೆಯಲ್ಲಿ ಏರಿ ಮೇಲೆ ಕಾಲಿಡಲು ಜಾಗವಿರಲಿಲ್ಲ, ಅಷ್ಟು ಬಳ್ಳಾರಿ ಜಾಲಿ. ನಾನು ಹುಡುಗರನ್ನು ಸೇರಿಸಿದೆ. ಮೂರು ಭಾನುವಾರ ಶ್ರಮದಾನ ಮಾಡಿ ಒಂದು ಗಿಡ ಬಿಡದೆ ಕಡಿದೆವು. ಮತ್ತೆ ಚಿಗುರಬಾರದೆಂದು ಬುಡಗಳಿಗೆ ಸುಟ್ಟ ಆಯಿಲ್, ಡೀಸೆಲ್ ಸುರಿದೆವು. ಕ್ಷೌರ ಮಾಡಿಸಿಕೊಂಡ ಮದುಮಗನ ಹಾಗೆ ಕಾಣುತ್ತಿತ್ತು ಏರಿ. ಫೋಟೋ ತೆಗೆಸಿಕೊಂಡಿದ್ದೂ ಆಯಿತು. ಕೆರೆ ನೀರು ಬಿಟ್ಟು ಏರಿ ಕಾಯುವ ನೀರಗಂಟಿ ತಾತ ಮಾತ್ರ ಕೋಲೂರಿ ನಿಂತು ನೋಡಿ, "ತಲೆ ಬೋಳ್ಸಿದ್ರಿ ಮಗಾ, ಬೇರಿಗೇನ್ ಮಾಡ್ತೀರಿ?" ಅಂದ. ಸತ್ತ ಬೇರು ಏನು ಮಾಡೀತು ತಾತ ಅಂತ ನಕ್ಕೆ.

ಸತ್ತ ಬೇರೇ ಮಾಡೋದು. ಹಸಿ ಬೇರಾದರೆ ಮಣ್ಣನ್ನು ಹಿಡಿದುಕೊಂಡಾದರೂ ಇರುತ್ತದೆ. ಸತ್ತದ್ದು ಮೂರ್ನಾಲ್ಕು ವರ್ಷದಲ್ಲಿ ಕೊಳೆತು ಗೆದ್ದಲಿಗೆ ಆಹಾರವಾಗಿ, ಏರಿಯೊಳಗೆ ಮುಂಗೈ ದಪ್ಪದ ಕೊಳವೆ ಬಿಟ್ಟು ಹೋಗುತ್ತದೆ. ನೀರಿಗೆ ಅಷ್ಟು ದಾರಿ ಸಾಕು.

2022ರ ಮಳೆ ಈ ಕಡೆಯವರು ಮರೆಯುವಂಥದ್ದಲ್ಲ. 1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಆ ಸೆಪ್ಟೆಂಬರಿನಲ್ಲಿ ಮತ್ತೆ ಕೋಡಿ ಬಿತ್ತು. ಊರವರೆಲ್ಲ ಅದನ್ನು ನೋಡಲು ಟ್ರ್ಯಾಕ್ಟರ್ ಹತ್ತಿ ಹೋದರು. ನಮ್ಮ ಕೆರೆಯೂ ತುಂಬಿ ನಾಲ್ಕು ದಿನವಾಗಿತ್ತು. ಐದನೇ ರಾತ್ರಿ ಹತ್ತು ಗಂಟೆಗೆ ತಾತ ಬಂದು ಬಾಗಿಲು ಬಡಿದ. "ಬೋಂಗಾ ಬಿದ್ದೈತೆ. ನೀರು ಕೆಂಪಗೈತೆ." ಬೋಂಗಾ ಅಂದರೆ ಏರಿಯಲ್ಲಿ ನೀರು ಕೊರೆದ ತೂತು.

ಏರಿಯ ಹೊರಮೈಯಲ್ಲಿ, ಗದ್ದೆ ಬದುವಿನಿಂದ ಎರಡಡಿ ಮೇಲೆ, ನಲ್ಲಿ ಬಿಟ್ಟ ಹಾಗೆ ನೀರು ಬರುತ್ತಿತ್ತು. ಟೀ ಬಣ್ಣ. ಮಣ್ಣಿನ ಏರಿ ಅಂದಮೇಲೆ ಒಂದಿಷ್ಟು ಜಿನುಗುವುದು ಇದ್ದದ್ದೇ, ತಿಳಿ ನೀರು ಬಂದರೆ ಗುರುತು ಹಾಕಿಕೊಂಡು ಕಣ್ಣಿಟ್ಟರೆ ಸಾಕು. ಬಣ್ಣದ ನೀರು ಬಂತೆಂದರೆ ಒಳಗಿನ ಮಣ್ಣು ಕರಗಿ ಹೊರಗೆ ಹೋಗುತ್ತಿದೆ ಅಂತ ಅರ್ಥ. ತೂತು ಹಿಂದಕ್ಕೆ ಕೊರೆಯುತ್ತಾ ಹೋಗಿ ಕೆರೆಯೊಳಗಿನ ನೀರನ್ನು ಮುಟ್ಟಿದರೆ ಆಮೇಲೆ ಉಳಿಯುವುದು ನಿಮಿಷಗಳ ಲೆಕ್ಕ.

ಸೇರಿದ ಜನ ಮೊದಲು ಮಾಡಲು ಹೊರಟಿದ್ದೇ ತಪ್ಪು ಕೆಲಸ: ತೂತಿಗೆ ಎರೆಮಣ್ಣು, ಹಳೇ ಗೋಣಿ ತುರುಕುವುದು. ಹೊರಗೆ ಬಾಯಿ ಮುಚ್ಚಿದರೆ ನೀರು ನಿಲ್ಲುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಬಾಯಿ ತೆಗೆಯುತ್ತದೆ. ಪಕ್ಕದ ಊರಲ್ಲಿ ಕೆಲಸ ಮಾಡಿಸುತ್ತಿದ್ದ ಒಬ್ಬ ಎಂಜಿನಿಯರ್ ಫೋನಿನಲ್ಲಿ ಹೇಳಿದ ಒಂದೇ ಮಾತು ಅವತ್ತು ಏರಿ ಉಳಿಸಿತು: ನೀರು ಬರಲಿ ಬಿಡಿ, ಮಣ್ಣು ಬರದ ಹಾಗೆ ನೋಡಿಕೊಳ್ಳಿ. ಮನೆ ಕಟ್ಟುತ್ತಿದ್ದವರೊಬ್ಬರ ಅಂಗಳದಿಂದ ದಪ್ಪ ಮರಳು, ಜಲ್ಲಿ ಹೊತ್ತು ತಂದೆವು. ತೂತಿನ ಮೇಲೆ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಮೇಲೆ ದಪ್ಪ ಕಲ್ಲು. ಮೊದಲ ಎರಡು ಬುಟ್ಟಿ ಮರಳು ಕೊಚ್ಚಿಕೊಂಡೇ ಹೋಯಿತು. ಆಗ ಸುತ್ತ ಮರಳು ಚೀಲಗಳನ್ನು ಬಾವಿಕಟ್ಟೆಯ ಹಾಗೆ ಸೊಂಟದುದ್ದ ಪೇರಿಸಿ, ಒಳಗೆ ನೀರು ನಿಂತು ರಭಸ ಇಳಿದ ಮೇಲೆ ಮತ್ತೆ ಹಾಕಿದೆವು. ಇನ್ನಿಬ್ಬರು ಒಳಮೈಯಲ್ಲಿ ಎಲ್ಲಾದರೂ ಸುಳಿ ಕಾಣುತ್ತದಾ ಅಂತ ಬ್ಯಾಟರಿ ಬಿಟ್ಟು ನೋಡುತ್ತಿದ್ದರು. ಕಂಡಿದ್ದರೆ ಟಾರ್ಪಾಲು ಇಳಿಬಿಡಬೇಕಿತ್ತು. ಕಾಣಲಿಲ್ಲ. ದೇವಸ್ಥಾನದ ಮೈಕಿನಲ್ಲಿ ಕೂಗಿಸಿ ಏರಿ ಕೆಳಗಿನ ಹನ್ನೊಂದು ಮನೆಯವರನ್ನು ಶಾಲೆಗೆ ಕಳಿಸಿದ್ದು ಇದೆಲ್ಲದರ ನಡುವೆ. ಅದನ್ನು ಮೊದಲು ಮಾಡಬೇಕಿತ್ತು.

ಎರಡೂ ತೂಬು ಎತ್ತಿ ಕೋಡಿ ಕಡೆ ಓಡಿದೆವು. ಅಲ್ಲಿ ಇನ್ನೊಂದು ಕತೆ. ಕೋಡಿ ಮೇಲೆ ಒಂದೂವರೆ ಅಡಿ ಕಲ್ಲು, ಚೀಲ. ನಾಲ್ಕು ದಿನ ಹೆಚ್ಚು ನೀರು ನಿಲ್ಲಲಿ ಅಂತ ನಮ್ಮ ಅಚ್ಚುಕಟ್ಟಿನವರೇ ಪೇರಿಸಿದ್ದು. ಅದರ ಮೇಲೆ ಮೀನು ಹೋಗದಿರಲಿ ಅಂತ ಯಾರೋ ಕಟ್ಟಿದ ಬಲೆ, ಬಲೆಗೆ ಸಿಕ್ಕ ಕಸ. ಏರಿಗೂ ಕೋಡಿಗೂ ನಡುವಿನ ಎತ್ತರವೇ ಮಣ್ಣಿನ ಕೆರೆಯ ಪ್ರಾಣ. ಕಲ್ಲು ಕಟ್ಟಡದ ಅಣೆಯ ಮೇಲೆ ನೀರು ಹತ್ತಿ ಹರಿದರೂ ಅದು ತಡೆದೀತು, ಮಣ್ಣಿನ ಏರಿ ತಡೆಯದು. ಬಲೆ ಕೊಯ್ದು, ಚೀಲ ಎಳೆದು ಹಾಕಿದೆವು. ಬೆಳಗಿನ ಜಾವದ ಹೊತ್ತಿಗೆ ನೀರು ಒಂದಡಿಗೂ ಹೆಚ್ಚು ಇಳಿದಿತ್ತು, ಸೋರುವ ನೀರು ತಿಳಿಯಾಗಿತ್ತು. ಜೆಸಿಬಿ ತರಿಸಿ ಏರಿಯನ್ನೇ ಒಂದು ಕಡೆ ಕಡಿಯೋಣ ಅಂದವರೂ ಇದ್ದರು. ಹಾಗೆ ಕಡಿದ ಕಂಡಿ ನಾವು ಹೇಳಿದ ಅಗಲಕ್ಕೆ ನಿಲ್ಲುತ್ತದೆಯೇ?

ರಿಪೇರಿಗೆ ಏಪ್ರಿಲ್ ತನಕ ಕಾಯಬೇಕಾಯಿತು. ದುಡ್ಡಿಗಾಗಿ ಯಾವ ಕಚೇರಿಗೆ ಹೋದರೂ ಇನ್ನೊಂದು ಕಚೇರಿ ತೋರಿಸಿದರು, ಅದು ಬೇಡ ಬಿಡಿ. ಏರಿ ಅಗೆದಾಗ ಕಂಡದ್ದನ್ನು ಹೇಳಬೇಕು. ನಾವು ಕಡಿದಿದ್ದ ಜಾಲಿ ಬುಡದಿಂದ ಒಳಕ್ಕೆ, ಬೇರಿನ ತೊಗಟೆ ಮಾತ್ರ ಉಳಿದ ಟೊಳ್ಳು. ಕೈ ಹಾಕಿದರೆ ಮೊಣಕೈವರೆಗೂ ಹೋಯಿತು. ತಾತ ಪಕ್ಕದಲ್ಲೇ ಇದ್ದ, ಒಂದು ಮಾತಾಡಲಿಲ್ಲ.

ಗಟ್ಟಿ ಮಣ್ಣು ಸಿಗುವವರೆಗೆ ಬೇರನ್ನು ಹಿಂಬಾಲಿಸಿ ಅಗೆದೆವು. ಹಳೇ ಮಣ್ಣಿಗೆ ಹೊಸ ಮಣ್ಣು ಕಚ್ಚಿಕೊಳ್ಳಲೆಂದು ಗುಂಡಿಯ ಮೈಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದೆವು. ಕೆರೆ ಗೋಡು, ಅಂದರೆ ತಳದ ಹೂಳು, ಹತ್ತಿರದಲ್ಲೇ ಬಿಟ್ಟಿ ಸಿಗುತ್ತದೆ, ಅದನ್ನೇ ತುಂಬಿ ಅಂದರು ಹಲವರು. ಗೋಡು ಹೊಲಕ್ಕೆ ಚಿನ್ನ, ಏರಿಗೆ ಶತ್ರು. ಬೇಸಿಗೆಯಲ್ಲಿ ಒಣಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ದಿಬ್ಬದ ಕಡೆಯಿಂದ ಜೇಡಿ ಬೆರೆತ ಕೆಂಪು ಮಣ್ಣು ತಂದು, ಒಂಬತ್ತು ಇಂಚು ಹರಡಿ, ಆರು ಇಂಚಿಗೆ ಇಳಿಯುವ ತನಕ ದಮ್ಮಸ್ಸು ಮಾಡಿ, ಮತ್ತೆ ಒಂಬತ್ತು ಇಂಚು. ಹದ ನೋಡಲು ಯಂತ್ರವಿರಲಿಲ್ಲ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಕೈಗೆ ಮೆತ್ತಬಾರದು. ರಾಗಿ ಮುದ್ದೆ ತಿನ್ನುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಉಳಿದ ಬುಡಗಳದ್ದು ದೊಡ್ಡ ಲೆಕ್ಕ. 60ಕ್ಕೂ ಹೆಚ್ಚು ಇದ್ದವು. ವರ್ಷಕ್ಕೆ ಇಪ್ಪತ್ತರಂತೆ ಅಗೆದು ತುಂಬುತ್ತಿದ್ದೇವೆ. ಈಗ ಜಾಲಿ ಗೇಣುದ್ದ ಇರುವಾಗಲೇ ಬೇರು ಸಮೇತ ಕೀಳುತ್ತೇವೆ, ಏರಿ ಮೇಲೆ ಗರಿಕೆ ಬಿಟ್ಟರೆ ಬೇರೆ ಯಾವುದಕ್ಕೂ ಜಾಗವಿಲ್ಲ.

ಹುತ್ತದ್ದು ಮಾತ್ರ ಮಣ್ಣಿನ ಸಮಸ್ಯೆಯಲ್ಲ. ಏರಿ ಮೇಲೆ ಮೂರು ಹುತ್ತಗಳಿದ್ದವು, ಒಂದಕ್ಕೆ ನಾಗರ ಪಂಚಮಿಗೆ ಹಾಲೆರೆಯುತ್ತಾರೆ. ಅಗೆಯಬೇಕು ಅಂದಾಗ ನನ್ನ ಹೆಂಡತಿಯೇ ಎರಡು ದಿನ ಮಾತು ಬಿಟ್ಟಳು. ಕಡೆಗೆ ಪೂಜಾರಪ್ಪ ದಾರಿ ತೋರಿಸಿದರು. ಪೂಜೆಯ ಹುತ್ತ ಏರಿಯ ತೆಂಕಣ ತುದಿಗಿತ್ತು, ಅಲ್ಲಿ ನೀರು ನಿಲ್ಲುವುದಿಲ್ಲ, ಅದು ಇರಲಿ ಅಂದರು. ಉಳಿದೆರಡನ್ನು ತೆಗೆದೆವು. ಒಂದರ ಕೊಳವೆಗಳು ಆರಡಿ ಆಳಕ್ಕೆ ಹೋಗಿದ್ದವು.

ಏರಿಯ ಮೇಲ್ಮಟ್ಟವನ್ನು ಗಾರೆಯವರ ನೀರಿನ ಪೈಪಿನಲ್ಲೇ ಅಳೆದೆವು. ಪಾರದರ್ಶಕ ಪೈಪು, ಎರಡು ಗಳ, ಇಬ್ಬರು ಹುಡುಗರು, ಒಂದು ಮಧ್ಯಾಹ್ನ. ಕಣ್ಣಿಗೆ ಮಟ್ಟಸವಾಗಿ ಕಾಣುತ್ತಿದ್ದ ಏರಿ, ದನ ಹತ್ತಿಳಿಯುವ ಜಾಗದಲ್ಲಿ 14 ಇಂಚು ಕುಸಿದಿತ್ತು. ನೀರು ಮೇಲೆ ಹತ್ತುವುದಿದ್ದರೆ ಅಲ್ಲಿಂದಲೇ ಹತ್ತುತ್ತಿತ್ತು. ಕೋಡಿಯನ್ನು ಒಂದೂವರೆ ಅಡಿ ಏರಿಸಿದ್ದರ ಜೊತೆಗೆ ಇದನ್ನೂ ಕೂಡಿಸಿಕೊಳ್ಳಿ.

ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಕೆರೆ ಶಾಸನವಿದೆ, ವಿಜಯನಗರದ ರಾಜಕುಮಾರ ಭಾಸ್ಕರ ಭವದೂರ ಹಾಕಿಸಿದ್ದು. ಕೆರೆಯ ಆರು ದೋಷಗಳನ್ನು ಎಣಿಸುತ್ತಾ ಕಟ್ಟೆಯಿಂದ ನೀರು ಒಸರುವುದನ್ನೂ ಅದರಲ್ಲಿ ಸೇರಿಸಿದ್ದಾರೆ. ಇದನ್ನು ತಾತನಿಗೆ ಹೇಳಿದೆ. "ಶಾಸನ ಬರ್ದೋರು ಏರಿ ಮೇಲೆ ತಿರುಗೋಕೆ ಯಾರನ್ನ ಇಟ್ಟಿದ್ರು, ಅದು ಬರ್ದವ್ರಾ?" ಅಂದ. ಅವನ ಕಾಲದಲ್ಲಿ ಸುಗ್ಗಿಯಲ್ಲಿ ಕಣದಿಂದ ಕಾಳು ಸಿಗುತ್ತಿತ್ತು. ಅದು ನಿಂತು ಇಪ್ಪತ್ತು ವರ್ಷವಾದರೂ ಅವನು ತಿರುಗುವುದು ನಿಲ್ಲಿಸಿರಲಿಲ್ಲ. ಈಗ ಎಕರೆಗೆ ವರ್ಷಕ್ಕೆ 200 ರೂಪಾಯಿ ಹಾಕಿ ಅವನಿಗೆ ತಿಂಗಳಿಗೆ 1,500 ಕೊಡುತ್ತೇವೆ. ಮೊಮ್ಮಗನನ್ನೂ ಜೊತೆಗೆ ಕರೆದುಕೊಂಡು ತಿರುಗುತ್ತಾನೆ. ಬೇಸಿಗೆಯಲ್ಲಿ ಹೊರಮೈ ಹುಲ್ಲೆಲ್ಲ ಒಣಗಿರುವಾಗ ಒಂದು ಕಡೆ ಮಾತ್ರ ಹಸಿರಿದ್ದರೆ ಅಲ್ಲಿ ಕೋಲು ಚುಚ್ಚಿ ನೋಡು ಅಂತ ಹೇಳಿಕೊಡುವುದು ಮೊನ್ನೆ ಕಿವಿಗೆ ಬಿತ್ತು.

ನನ್ನ ಪಾಲಿನ ಕೆಲಸ ನೋಟುಪುಸ್ತಕ. ಕೆರೆಯಲ್ಲಿ ನೀರಿರುವಷ್ಟು ದಿನ ಪ್ರತಿ ಸೋಮವಾರ ಸೋರುವ ಕಡೆ ಪೈಪಿನ ತುಂಡು ಇಟ್ಟು, ಹತ್ತು ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕು ಅಂತ ಬರೆಯುತ್ತೇನೆ. ಅದೇ ನೀರನ್ನು ಬಾಟಲಿಯಲ್ಲಿ ಹಿಡಿದು ಒಂದು ರಾತ್ರಿ ಇಟ್ಟು ತಳ ನೋಡುತ್ತೇನೆ. ಬೋಂಗಾ ಬಿದ್ದಿದ್ದ ಜಾಗ ಈಗ ಒಣಗಿದೆ. ಕೆಳಗಿನ ತೂಬಿನ ಪಕ್ಕ ಮಾತ್ರ, ಹೋದ ವರ್ಷ ಇಷ್ಟೇ ನೀರಿದ್ದಾಗ 70 ಸೆಕೆಂಡ್ ಬೇಕಾಗುತ್ತಿತ್ತು, ಈ ವರ್ಷ 55. ಬಾಟಲಿ ತಳ ಇನ್ನೂ ಸ್ವಚ್ಛವಾಗಿದೆ. ಎರಡು ಟ್ರ್ಯಾಕ್ಟರ್ ಮರಳು, ಒಂದು ಟ್ರ್ಯಾಕ್ಟರ್ ಜಲ್ಲಿ ತಂದು ಆ ತೂಬಿನ ಹತ್ತಿರವೇ ಹಾಕಿಸಿದ್ದೇನೆ.